ಹತ್ತು ಶನಿವಾರ, ಆರೂವರೆ ಸಾವಿರ ರೂಪಾಯಿ: ಐಟಿ ಕೆಲಸದ ಕ್ರೈಸ್ತರಿಗೆ ಒಂದು ಕೋರ್ಸು

ಮೊದಲೇ ಹೇಳಿಬಿಡುತ್ತೇನೆ, ಕೋರ್ಸಿನ ಹೆಸರು ಬರೆಯುವುದಿಲ್ಲ. ನಡೆಸುವವರು ನಾಲ್ಕೇ ಜನ, ಯಾರದೋ ಮದುವೆಯಲ್ಲೋ ಕ್ರಿಸ್‌ಮಸ್ ಸೇಲಿನಲ್ಲೋ ಎದುರಾಗುವವರು. ಹಾಗಂತ ಬರೀ ಒಳ್ಳೆಯದನ್ನೇ ಬರೆದು ಕೈತೊಳೆದುಕೊಳ್ಳಲೂ ಮನಸ್ಸಿಲ್ಲ. ಆರೂವರೆ ಸಾವಿರ ರೂಪಾಯಿ ಕೊಟ್ಟಿದ್ದೇನೆ, ಹತ್ತು ಶನಿವಾರ ಕೊಟ್ಟಿದ್ದೇನೆ. ಶನಿವಾರ ಸಂಜೆ ಐದಕ್ಕೆ ಹೆಣ್ಣೂರು ರಸ್ತೆಯಲ್ಲಿ ಗಾಡಿ ಓಡಿಸಿದವರಿಗೆ ಯಾವುದು ಹೆಚ್ಚು ದುಬಾರಿ ಅಂತ ಗೊತ್ತು. ಇಂಥ ಕೋರ್ಸುಗಳು ಈಗ ಬೇರೆಯೂ ಇವೆ. ದುಡ್ಡು ಕಟ್ಟುವ ಮುಂಚೆ ಏನು ನೋಡಬೇಕು ಅನ್ನುವವರಿಗೆ ಇದು.

ನಾನು ಮಂಗಳೂರಿನವಳು, ಹನ್ನೊಂದು ವರ್ಷದಿಂದ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಸದ್ಯ ನಾಗವಾರದ ಹತ್ತಿರದ ಒಂದು ಪೇಮೆಂಟ್ ಕಂಪನಿಯಲ್ಲಿ ಬ್ಯಾಕೆಂಡ್, ಅಂದರೆ ಆಪಿನ ಪರದೆಯ ಹಿಂದೆ ಓಡುವ ಪ್ರೋಗ್ರಾಮಿನ ಕೆಲಸ. ಪ್ರಮೋಷನ್ ಎರಡು ಸಲ ಕೈತಪ್ಪಿತು. ವರ್ಷದಲ್ಲಿ ಏನೇನು ಮಾಡಿದೆವು ಅಂತ ನಾವೇ ಬರೆದುಕೊಡುವ ಹಾಳೆ ನೋಡಿ ಎರಡನೇ ಸಲ ಮ್ಯಾನೇಜರ್ ನಗುತ್ತಲೇ ಹೇಳಿದರು: "ನಿಮ್ಮ ಸೆಲ್ಫ್ ಅಪ್ರೈಸಲ್ ಓದಿದರೆ ವರ್ಷವಿಡೀ ನೀವು ಆಫೀಸಿಗೇ ಬಂದಿಲ್ಲವೇನೋ ಅನ್ನಿಸುತ್ತೆ." ನಗು ಬರಲಿಲ್ಲ, ಆದರೆ ಮಾತು ಸುಳ್ಳಲ್ಲ. "ತಂಡದಿಂದ ಮಾಡಲಾಯಿತು", "ಸಮಸ್ಯೆ ಬಗೆಹರಿಯಿತು" ಅಂತಲೇ ಬರೆಯುವವಳು ನಾನು. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ ವಾಕ್ಯವೊಂದು ಗಂಟಲಲ್ಲಿ ಕೂತಿತ್ತು: ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು. "ನಾನು ಮಾಡಿದೆ" ಎಂದು ಟೈಪ್ ಮಾಡಲು ಹೋದರೆ ಬೆರಳು ನಿಲ್ಲುತ್ತಿತ್ತು. ಚರ್ಚಿನ ವಾಟ್ಸಾಪ್ ಗ್ರೂಪಿನಲ್ಲಿ ಈ ಕೋರ್ಸಿನ ಪೋಸ್ಟರ್ ಬಂತು, "ನಿಮ್ಮ ವಿಶ್ವಾಸ, ನಿಮ್ಮ ಕರಿಯರ್" ಅಂತ. ಫಾರ್ಮ್ ತುಂಬಿ ಕಳಿಸಿದೆ.

ಜಾಗ ಒಂದು ಚರ್ಚಿನ ಹಿಂದಿನ ಹಾಲು. ಪ್ಲಾಸ್ಟಿಕ್ ಕುರ್ಚಿ, ಎರಡು ಫ್ಯಾನು, ಅದರಲ್ಲಿ ಒಂದು ಪ್ರೊಜೆಕ್ಟರಿನ ಪರದೆಯನ್ನು ಹಾರಿಸುತ್ತದೆಂದು ಸದಾ ಆಫ್. ಕಾರು ನಿಲ್ಲಿಸಲು ಜಾಗ ಇಲ್ಲವೇ ಇಲ್ಲ, ಸ್ಕೂಟರಿಗೆ ಪರವಾಗಿಲ್ಲ. ಫ್ಲಾಸ್ಕಿನ ಚಹಾ, ಸಮೋಸ. ಸಮೋಸ ಚೆನ್ನಾಗಿತ್ತು, ಅನ್ಯಾಯ ಹೇಳಬಾರದು. ಮೊದಲ ದಿನ ಇಪ್ಪತ್ತೆರಡು ಜನ ಇದ್ದೆವು. ಪರಿಚಯದ ಹೊತ್ತಿಗೆ ಪಕ್ಕದವಳು ಕೇಳಿದಳು, "ತಮಿಳಾ, ಮಲಯಾಳಿಯಾ?" ಕನ್ನಡ ಅಂದೆ. "ಕನ್ನಡ ಕ್ರಿಶ್ಚಿಯನ್ನಾ!" ಅಂದಳು, ಕಾಡಿನಲ್ಲಿ ಅಪರೂಪದ ಹಕ್ಕಿ ಕಂಡವರ ಹಾಗೆ. ಅಭ್ಯಾಸವಾಗಿದೆ. ಪಾಠ, ಸ್ಲೈಡು, ಹಾಳೆ ಎಲ್ಲವೂ ಇಂಗ್ಲಿಷಿನಲ್ಲೇ. ಕನ್ನಡದಲ್ಲಿ ಒಂದು ಸಾಲಾದರೂ ಇರುತ್ತದೆ ಅಂದುಕೊಂಡು ಹೋಗಬೇಡಿ.

ಮೊದಲ ಎರಡು ವಾರ ಕರೆಯ ಬಗ್ಗೆ. ದೇವರ ಕರೆ ಪಾದ್ರಿಗಳಿಗೆ ಮಾತ್ರವಲ್ಲ, ಚಮ್ಮಾರನಿಗೂ ಇದೆ, ಕೋಡ್ ಬರೆಯುವವನಿಗೂ ಇದೆ ಅನ್ನುವ, ಚರ್ಚನ್ನು ಸುಧಾರಿಸಲು ಹೊರಟ ಮಾರ್ಟಿನ್ ಲೂಥರನ ವಾದ. ಒಪ್ಪತಕ್ಕದ್ದೇ, ಆದರೆ ಅರ್ಧ ಗಂಟೆಯಲ್ಲಿ ಮುಗಿಯುವ ಮಾತನ್ನು ಐದು ಗಂಟೆ ಎಳೆದರು. ದಿನಕ್ಕೆ ಆರು ಕಾಲ್ ಅಟೆಂಡ್ ಮಾಡುವ ನನಗೆ ಇನ್ನೊಂದು ಕರೆಯ ವಿಚಾರದಲ್ಲಿ ತಾಳ್ಮೆ ಕಡಿಮೆ.

ಮೂರನೇ ವಾರ ತಂತ್ರಜ್ಞಾನ ಲೋಕದ ಪ್ರಸಿದ್ಧ ವಿಶ್ವಾಸಿಗಳ ಸ್ಲೈಡು. ದೊಡ್ಡವರ ಫೋಟೋ ತೋರಿಸಿ "ನೋಡಿ, ಇವರೂ ನಮ್ಮವರೇ" ಅನ್ನುವ ಕ್ರಮ ನನಗೆ ಹಿಡಿಸುವುದಿಲ್ಲ. ಆದರೂ ಎರಡು ಸಂಗತಿ ತಲೆಯಲ್ಲಿ ಉಳಿಯಿತು. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದ ಲ್ಯಾರಿ ವಾಲ್ ಅದಕ್ಕೂ ಮುಂಚೆ ಭಾಷಾಶಾಸ್ತ್ರ ಓದಿದವರು, ಸತ್ಯವೇದದ ಅನುವಾದಕ್ಕೆ ಹೋಗುವ ಯೋಚನೆಯಲ್ಲಿ. ಭಾಷೆಯ ಹೆಸರಿನ ಹಿಂದೆ ಮತ್ತಾಯನ ಸುವಾರ್ತೆಯಲ್ಲಿ ಬರುವ ಬೆಲೆಬಾಳುವ ಮುತ್ತಿನ ಸಾಮ್ಯ ಇದೆ. ಆ ಭಾಷೆಯಲ್ಲಿ ಒಂದು ರೆಫರೆನ್ಸು ಆಬ್ಜೆಕ್ಟ್ ಆಗಬೇಕಾದರೆ ಅದನ್ನು 'ಬ್ಲೆಸ್' ಮಾಡಬೇಕು. ಕಾಲೇಜಿನಲ್ಲಿ ಈ ಪದವನ್ನು ನೂರು ಸಲ ಟೈಪ್ ಮಾಡಿದ್ದೆ, ಆಶೀರ್ವಾದ ಅಂತ ಒಮ್ಮೆಯೂ ಹೊಳೆದಿರಲಿಲ್ಲ.

ಎರಡನೆಯದು ಡೊನಾಲ್ಡ್ ಕನೂತ್. ಸ್ಟ್ಯಾನ್‌ಫರ್ಡಿನ ನಿವೃತ್ತ ಕಂಪ್ಯೂಟರ್ ಪ್ರೊಫೆಸರ್, ಲೂಥರನ್ ಸಭೆಯವರು, ಮನೆಯಲ್ಲೇ ಪೈಪ್ ಆರ್ಗನ್ ಇಟ್ಟುಕೊಂಡವರು. 1977ರಲ್ಲಿ ತಮ್ಮ ಪುಸ್ತಕದ ಹೊಸ ಆವೃತ್ತಿಯ ಪ್ರೂಫು ಕೈಗೆ ಬಂದಾಗ ಅಕ್ಷರಗಳ ಅಂದಗೇಡಿತನ ನೋಡಲಾಗದೆ, ಅಚ್ಚಿನ ಕೆಲಸಕ್ಕೇ ಒಂದು ಸಾಫ್ಟ್‌ವೇರ್ ಬರೆಯಲು ಕೂತರು. ಬೇಗ ಮುಗಿಯುತ್ತದೆ ಅಂದುಕೊಂಡದ್ದು ಸುಮಾರು ಹತ್ತು ವರ್ಷ ಹಿಡಿಯಿತು. ಅವರ ಪುಸ್ತಕದಲ್ಲಿ ತಪ್ಪು ಹುಡುಕಿಕೊಟ್ಟವರಿಗೆ 2008ರವರೆಗೆ 2.56 ಡಾಲರಿನ ಚೆಕ್ ಕಳಿಸುತ್ತಿದ್ದರು. 256 ಸೆಂಟ್ ಅಂದರೆ ಒಂದು ಹೆಕ್ಸಾಡೆಸಿಮಲ್ ಡಾಲರ್, ಕಂಪ್ಯೂಟರಿನವರ ಹದಿನಾರರ ಎಣಿಕೆಯಲ್ಲಿ 100 ಅಂತ ಬರೆದರೆ 256.

ಇದನ್ನು ಕೇಳುವಾಗ ನನಗೆ ಅಜ್ಜನ ನೆನಪು. ಅಜ್ಜ ಮಂಗಳೂರಿನ ಬಲ್ಮಠದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ನಾವು ಊಟದ ಮೇಜಿನಲ್ಲಿ ಹೋಂವರ್ಕ್ ಬರೆಯುತ್ತಿದ್ದರೆ ಎದುರುಗಡೆ ಕೂತು, ನಮ್ಮ ಪುಸ್ತಕವನ್ನು ತಲೆಕೆಳಗಾಗಿಯೇ ಓದಿ, "ಮೂರನೇ ಸಾಲು, ಒತ್ತು ಬಿಟ್ಟಿದ್ದಿ" ಅನ್ನುತ್ತಿದ್ದರು. ಸೀಸದ ಅಕ್ಷರಗಳನ್ನು ವರ್ಷಗಟ್ಟಲೆ ಉಲ್ಟಾ ಓದಿ ಓದಿ ಬಂದ ಕಣ್ಣು. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ತಪ್ಪು ಹುಡುಕುವುದಕ್ಕೆ ಕೋಡ್ ರಿವ್ಯೂ ಅನ್ನುವ ಪದವನ್ನು ನಾನು ಆಮೇಲೆ ಕಲಿತೆ. ಕೆಲಸವನ್ನು ಮಾತ್ರ ಆ ಮೇಜಿನ ಮೇಲೆಯೇ ಕಂಡಿದ್ದೆ.

ಈ ಕೋರ್ಸಿನ ಮೇಲೆ ನನ್ನ ಒಂದು ದೂರು ಇಲ್ಲೇ ಇದೆ. ವಿಶ್ವಾಸ ಮತ್ತು ತಂತ್ರಜ್ಞಾನ ಅಂದ ಕೂಡಲೇ ಅಮೆರಿಕಕ್ಕೆ ಹಾರಿದರು. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಸುದ್ದಿಯೇ ಇಲ್ಲ. ಕ್ರೈಸ್ತರಾದವರು ಜಾತಿಯ ಜೊತೆಗೆ ಕಸುಬನ್ನೂ ಕಳೆದುಕೊಂಡು ಬೀದಿಗೆ ಬಿದ್ದಾಗ ಮಿಷನ್ ಮಗ್ಗ ಹಾಕಿತು, ಅಚ್ಚುಕೂಟ ಹಾಕಿತು. 1843ರಲ್ಲಿ ಮಂಗಳೂರ ಸಮಾಚಾರ ಕಲ್ಲಚ್ಚಿನಲ್ಲಿ ಬಂತು, 1894ರಲ್ಲಿ ಕಿಟ್ಟೆಲರ ನಿಘಂಟು ಬಂತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರುಮಾಡಿದರು. ಪ್ರಾರ್ಥನೆ ಮಾಡುವವನಿಗೆ ಯಂತ್ರವೂ ಗೊತ್ತಿರಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ? ಕರಾವಳಿಯ ಹಳೆಮನೆಯಲ್ಲಿ ಅಂಗಾತ ಮಲಗಿ ಹೆಂಚಿನ ಮಾಡು ನೋಡಿದರೆ ಸಾಕಿತ್ತು. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಇದನ್ನು ಬರೆದೆ. "ಇಂಟರೆಸ್ಟಿಂಗ್" ಅಂತ ಉತ್ತರ ಬಂತು.

ನಾಲ್ಕನೇ ವಾರದಿಂದ ಕೋರ್ಸಿನ ರುಚಿ ಬದಲಾಯಿತು. ಕಾರಣ, ಪಾಠ ಮಾಡುವವರು ಬದಲಾದರು, ಒಬ್ಬರು ಆಂಟಿ ಬಂದರು. ದೂರವಾಣಿ ನಗರದ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಟೆಸ್ಟಿಂಗ್ ಮಾಡಿ ನಿವೃತ್ತರಾದವರು. ಕಾಟನ್ ಸೀರೆ, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ಬೈಂಡು ಬಿಟ್ಟುಹೋದ ಕನ್ನಡ ಸತ್ಯವೇದ. ಸ್ಲೈಡ್ ಹಾಕಲಿಲ್ಲ. "ಮೋಸದ ತ್ರಾಸು ಯೆಹೋವನಿಗೆ ಅಸಹ್ಯ. ಜ್ಞಾನೋಕ್ತಿ ಹನ್ನೊಂದು, ಒಂದು. ಈಗ ನಿಮ್ಮ ನಿಮ್ಮ ಆಪ್ ತೆಗೀರಿ, ಆ ಮೋಸದ ತಕ್ಕಡಿ ಎಲ್ಲಿದೆ ಹುಡುಕಿ" ಅಂದರು.

ಹುಡುಕಿದೆವು. ಬೇಡ ಅನ್ನುವ ಬಟನ್ನು ಬೂದು ಬಣ್ಣದಲ್ಲಿ ಕಂಡೂ ಕಾಣದ ಹಾಗೆ. ಸೇರುವುದು ಒಂದೇ ಒತ್ತಿಗೆ, ಬಿಡಬೇಕಾದರೆ ಆರು ಪುಟ. ಗ್ರಾಹಕ ಕೇಳದೆಯೇ ಬುಟ್ಟಿಗೆ ಬಿದ್ದ ಇನ್ಶೂರೆನ್ಸು. ಇಂಥ 13 ಬಗೆಯ ಮೋಸಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಸಿ ಮಾರ್ಗಸೂಚಿ ಹೊರಡಿಸಿದೆ. ಆಂಟಿ ಅದನ್ನು ಪ್ರಿಂಟ್ ಹಾಕಿಸಿ ತಂದಿದ್ದರು. "ಕಾನೂನು ಬರುವ ಮುಂಚೆಯೇ ನಮಗೆ ಗೊತ್ತಿರಬೇಕಿತ್ತಲ್ಲ?" ಅಂದರು. ಯಾರೂ ಮಾತಾಡಲಿಲ್ಲ. ಆ ಬೂದು ಬಟನ್ನು ಇದ್ದದ್ದು ನಮ್ಮಲ್ಲೇ ಒಬ್ಬನ ಆಪಿನಲ್ಲಿ.

ಐದನೇ ವಾರ ಸಬ್ಬತ್ತು, ಅಂದರೆ ಕೆಲಸ ಬಿಟ್ಟು ದೇವರಿಗೆಂದು ಇಡುವ ವಿಶ್ರಾಂತಿಯ ದಿನ. ಇದು ನನ್ನ ಗಾಯ. ರಜೆಯಲ್ಲೂ ಸಿಸ್ಟಂ ಕೆಟ್ಟರೆ ಓಡಬೇಕಾದ ಆನ್‌ಕಾಲ್ ಸರದಿ ಬಂದಾಗ ಭಾನುವಾರ ಬೆಳಿಗ್ಗೆ ಕಾಣಿಕೆಯ ಸಂಗೀತ ಹಾಡುವ ಹೊತ್ತಿಗೆ ಸರಿಯಾಗಿ ಮೊಬೈಲು ಪರ್ಸಿನೊಳಗೆ ಗುಂಯ್‌ಗುಡುತ್ತದೆ. ಸರ್ವರಿನ ಡಿಸ್ಕು ತೊಂಬತ್ತು ಪರ್ಸೆಂಟ್ ತುಂಬಿದೆ ಅಂತ ಅಲರ್ಟು. ಲ್ಯಾಪ್‌ಟಾಪ್ ಹಿಡಿದು ಹೊರಗೆ ಬಂದು, ಚರ್ಚಿನ ಮೆಟ್ಟಿಲ ಮೇಲೆ ಕೂತು, ಪ್ರೋಗ್ರಾಮುಗಳು ತಾವು ಮಾಡಿದ್ದನ್ನು ಬರೆದಿಡುವ ಹಳೇ ಲಾಗ್ ಫೈಲುಗಳನ್ನು ಅಳಿಸುತ್ತೇನೆ. ಒಳಗೆ ಪಾದ್ರಿಗಳ ಪ್ರಸಂಗ ಮುಗಿದಿರುತ್ತದೆ. ಇದನ್ನೇ ಹೇಳಿಕೊಂಡೆ. ಆನ್‌ಕಾಲ್ ಇರುವ ಕೆಲಸ ಬಿಡಬೇಕಾ ಅಂತಲೂ ಕೇಳಿದೆ.

ಆಂಟಿ ಮೊದಲು ಲೂಕ ಹದಿನಾಲ್ಕು ತೆಗೆದರು. ಸಬ್ಬತ್ ದಿನ ಎತ್ತು ಬಾವಿಗೆ ಬಿದ್ದರೆ ನಿಮ್ಮಲ್ಲಿ ಯಾರು ಮೇಲೆತ್ತದೆ ಇರುತ್ತೀರಿ ಅಂತ ಯೇಸು ಕೇಳುವ ಜಾಗ. ನಾನು ಸಮಾಧಾನದ ಉಸಿರು ಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಎಷ್ಟು ಭಾನುವಾರ ಬಿದ್ದಿದೆಯಮ್ಮ ಈ ಎತ್ತು?"

"ನನ್ನ ಸರದಿ ಬಂದಾಗಲೆಲ್ಲ, ಆಂಟಿ."

"ಮಿಕ್ಕ ಭಾನುವಾರ?"

"ಆಗಲೂ ಬೀಳುತ್ತೆ. ಬೇರೆಯವರು ಎತ್ತುತ್ತಾರೆ."

"ಅಲ್ಲಮ್ಮ, ವಾರ ವಾರ ಅದೇ ಎತ್ತು ಅದೇ ಬಾವಿಗೆ ಬೀಳ್ತಿದ್ದರೆ ಇದು ಸಬ್ಬತ್ತಿನ ಪ್ರಶ್ನೆಯಲ್ಲ. ಬಾವಿಗೆ ಕಟ್ಟೆ ಇಲ್ಲ." ಅಷ್ಟು ಹೇಳಿ ವಿಮೋಚನಕಾಂಡ ಇಪ್ಪತ್ತೊಂದಕ್ಕೆ ಹೋದರು. ಗುಂಡಿ ತೋಡಿದವನು ಮುಚ್ಚದೆ ಬಿಟ್ಟು, ಅದರಲ್ಲಿ ಎತ್ತೋ ಕತ್ತೆಯೋ ಬಿದ್ದು ಸತ್ತರೆ, ಗುಂಡಿಯವನೇ ಬೆಲೆ ತೆರಬೇಕು. ಎಷ್ಟೋ ಸಲ ಓದಿದ ಅಧ್ಯಾಯ. ಟೆಕ್ನಿಕಲ್ ಡೆಟ್, ಅಂದರೆ ಆಮೇಲೆ ಸರಿಮಾಡೋಣ ಅಂತ ಕೋಡಿನಲ್ಲಿ ಉಳಿಸಿಬಿಟ್ಟ ಸಾಲದ ಬಗ್ಗೆ ಇಷ್ಟು ಸ್ಪಷ್ಟವಾಗಿ ಯಾವ ಕಾನ್ಫರೆನ್ಸಿನಲ್ಲೂ ಕೇಳಿರಲಿಲ್ಲ.

ಮಂಗಳವಾರ ಆಫೀಸಿನಲ್ಲಿ ಕೂತು ನೋಡಿದೆ. ಶನಿವಾರ ರಾತ್ರಿ ಓಡುವ ವಾರದ ರಿಪೋರ್ಟು ಡೀಬಗ್ ಮಟ್ಟದಲ್ಲಿ, ಅಂದರೆ ಸಣ್ಣಪುಟ್ಟದ್ದನ್ನೂ ಬಿಡದೆ, ಲಾಗ್ ಬರೆಯುತ್ತಿತ್ತು. ಮೂರು ವರ್ಷದ ಹಿಂದೆ ಯಾರೋ ಏನೋ ಹುಡುಕಲು ಆನ್ ಮಾಡಿ ಮರೆತದ್ದು. ಲಾಗ್ ಮಟ್ಟ ಇಳಿಸಿ, ಹಳೇ ಫೈಲುಗಳನ್ನು ತಾನಾಗಿ ಕುಗ್ಗಿಸಿ ಅಳಿಸುವ ಸೆಟ್ಟಿಂಗ್ ಹಾಕಿ, ರಿವ್ಯೂ ಮುಗಿಸಲು ಎರಡು ಗಂಟೆ ಹಿಡಿಯಿತು. ಮರೆತ ಆ 'ಯಾರೋ' ಯಾರೆಂದು ಕೋಡಿನ ಹಿಸ್ಟರಿಯಲ್ಲಿ ತೆಗೆದು ನೋಡಿದರೆ ನನ್ನದೇ ಹೆಸರು. ಗುಂಡಿ ನನ್ನದೇ.

ಈ ಕೋರ್ಸಿನ ದುಡ್ಡು ವಸೂಲಾಗುವುದು ಆರನೇ ವಾರ. ಕಳೆದ ವರ್ಷದ ಸೆಲ್ಫ್ ಅಪ್ರೈಸಲ್ ಪ್ರಿಂಟ್ ತರಲು ಹೇಳಿದ್ದರು, ಕಂಪನಿಯ ಗುಟ್ಟೇನಾದರೂ ಇದ್ದರೆ ಮಸಿ ಬಳಿದು. ಆಂಟಿ ಕೆಂಪು ಪೆನ್ನು ಹಿಡಿದು ಒಬ್ಬೊಬ್ಬರ ಪಕ್ಕ ಕೂತರು. ನನ್ನ ಹಾಳೆಯಲ್ಲಿ ಎರಡನೇ ಸಾಲಿಗೇ ಗೆರೆ ಬಿತ್ತು. ಸೆಟಲ್‌ಮೆಂಟ್ ಲೆಕ್ಕ ತಾಳೆ ನೋಡುವ ರಾತ್ರಿಯ ಕೆಲಸ ನಾಲ್ಕು ಗಂಟೆಯಿಂದ 35 ನಿಮಿಷಕ್ಕೆ ಇಳಿಯಿತು ಅಂತ ಬರೆದಿದ್ದೆ.

"ಇಳಿಯಿತು ಅಂದರೆ? ತಾನೇ ಇಳೀತಾ? ಲಿಫ್ಟಾ ಅದು?"

"ಇಲ್ಲ ಆಂಟಿ, ನಾನು..."

"ಹಾಂ, ಆ 'ನಾನು' ಎಲ್ಲಿ? ನಿನ್ನ ವಾಕ್ಯದಲ್ಲಿ ಕರ್ತೃವೇ ಇಲ್ಲವಲ್ಲ."

ಎಡಗೈ ಬಲಗೈ ವಾಕ್ಯ ಹೇಳಿದೆ. ಮತ್ತಾಯ ಆರನ್ನು ನನ್ನ ಕೈಗೇ ಕೊಟ್ಟು ಓದಿಸಿದರು. "ಇದು ಯಾವುದಕ್ಕೆ ಹೇಳಿದ ಮಾತು? ದಾನಕ್ಕೆ. ನೀನು ಸಂಬಳಕ್ಕೆ ಮಾಡಿದ ಕೆಲಸ ದಾನವಾ? ಮಾಡಿದ್ದೇನು ಅಂತ ಕೇಳುವ ಹಕ್ಕು ಸಂಬಳ ಕೊಡುವವರಿಗಿದೆ. ಕೇಳಿದಾಗ ಕಡಿಮೆ ಮಾಡಿ ಹೇಳಿದರೆ ಅದಕ್ಕೇನಂತಾರೆ? ಸಭೆಯಲ್ಲಿ ಸಾಕ್ಷಿ ಹೇಳ್ತೀಯಲ್ಲ, ಇದೂ ಸಾಕ್ಷಿಯೇ. ಸುಳ್ಳುಸಾಕ್ಷಿ ಅಂದರೆ ಹೆಚ್ಚು ಹೇಳೋದು ಮಾತ್ರ ಅಂದುಕೊಂಡಿದ್ದೀಯಾ?"

ಸಾಕ್ಷಿ ಅಂದರೆ ನಮ್ಮಲ್ಲಿ ಭಾನುವಾರ ಮೈಕಿನ ಮುಂದೆ ನಿಂತು ದೇವರು ಮಾಡಿದ ಉಪಕಾರ ಹೇಳುವುದು. ಕೋರ್ಟಿನ ಸಾಕ್ಷಿಗೂ ಅದೇ ಪದ. ಅಪ್ರೈಸಲಿಗೂ ಅದೇ ಆಗಬಹುದು ಅಂತ ಮೂವತ್ತೈದು ವರ್ಷ ಹೊಳೆದಿರಲಿಲ್ಲ. ಇಂಗ್ಲಿಷಿನಲ್ಲಿ ನಡೆದ ಈ ಕೋರ್ಸಿನಲ್ಲಿ ನನಗೆ ದಕ್ಕಿದ ಒಂದೇ ಒಂದು ದೊಡ್ಡ ಮಾತು ಕನ್ನಡದ ಒಂದು ಪದದಿಂದ ಬಂತು.

ಆಮೇಲೆ ಬೆಚಲೇಲನ ಕತೆ. ಸತ್ಯವೇದದಲ್ಲಿ ಆರಾಧನೆಯ ಗುಡಾರ ಕಟ್ಟುವ ಕೆಲಸಕ್ಕೆ ದೇವರು ಕರೆದ ಕುಶಲಕರ್ಮಿ. ಚಿನ್ನ, ಬೆಳ್ಳಿ, ತಾಮ್ರ, ರತ್ನ, ಮರ ಎಲ್ಲ ಕೆಲಸವೂ ಬಲ್ಲವನು, ದೇವರಾತ್ಮ ತುಂಬಿದವನು. "ಹೆಸರು ಬರೆದಿದೆಯಾ ಇಲ್ಲವಾ? ಅಪ್ಪನ ಹೆಸರು, ಅಜ್ಜನ ಹೆಸರು, ಯಾವ ಕುಲ, ಎಲ್ಲ ಇದೆ. ಪಕ್ಕದಲ್ಲೇ ಒಹೊಲೀಯಾಬನ ಹೆಸರೂ ಇದೆ." ಅಂದರೆ ಮಾಡಿದವನ ಹೆಸರೂ ಇರಬೇಕು, ಜೊತೆಗಿದ್ದವನ ಹೆಸರೂ ಇರಬೇಕು. ನನ್ನ ಹಾಳೆಯಲ್ಲಿ ಏಳು ಕಡೆ 'ನಾನು' ಸೇರಿತು, ಟೆಸ್ಟ್ ಬರೆದ ಜೂನಿಯರ್ ಹುಡುಗಿಯ ಹೆಸರು ಎರಡು ಕಡೆ ಸೇರಿತು. ಹಿಂದಿನ ಸಾಲಿನ ತೆಲುಗು ಹುಡುಗನದು ಉಲ್ಟಾ ರೋಗ. ಅವನ ಹಾಳೆಯಲ್ಲಿ ಹತ್ತೊಂಬತ್ತು 'ನಾನು'. ಒಂದೊಂದಕ್ಕೂ "ಒಬ್ಬನೇನಾ?" ಅಂತ ಕೇಳುತ್ತಾ ಹೋದರು. ಕೊನೆಗೆ ಐದು ಉಳಿಯಿತು. ಅವನ ಮುಖ ಬಾಡಿತ್ತು, ಸಮೋಸವನ್ನೂ ಮುಟ್ಟಲಿಲ್ಲ.

ಏಳು, ಎಂಟನೇ ವಾರ ದುಡ್ಡಿನ ವಿಚಾರ. ಸಾಲ, ಉಳಿತಾಯ, ದೇವರಿಗೆಂದು ಆದಾಯದ ಹತ್ತನೇ ಪಾಲು ಕೊಡುವ ದಶಮಾಂಶ. ಕಂಪನಿ ಷೇರು ಕೈಗೆ ಬಂದ ದಿನ ಹತ್ತನೇ ಒಂದು ಪಾಲು ಕೊಡಬೇಕೋ ಮಾರಿದ ದಿನವೋ ಅಂತ ನಲವತ್ತು ನಿಮಿಷ ಜಗಳ ನಡೆಯಿತು. ತೆರಿಗೆ ಕಳೆದ ಮೇಲೋ ಮುಂಚೆಯೋ ಅಂತ ಇನ್ನೊಂದು ಸುತ್ತು. ತೀರ್ಮಾನವಾಗಲಿಲ್ಲ, ಮಜಾ ಬಂತು.

ಒಂಬತ್ತು ಮತ್ತು ಹತ್ತು ನೀರಸವಾಗಿದ್ದರೆ ಸುಮ್ಮನಿರುತ್ತಿದ್ದೆ, ಸಿಟ್ಟು ಬರಿಸಿದ್ದರಿಂದ ಬರೆಯುತ್ತಿದ್ದೇನೆ. ಆಂಟಿ ಇರಲಿಲ್ಲ. ಹೊರಗಿನ ಒಬ್ಬ ಕೋಚ್ ವೀಡಿಯೊ ಕಾಲ್‌ನಲ್ಲಿ ಬಂದರು. ಆನ್‌ಲೈನ್ ಪ್ರೊಫೈಲನ್ನು ಹೇಗೆ ಹೊಳೆಯಿಸಬೇಕು, ದಿನಕ್ಕೆ ಎಷ್ಟು ಪೋಸ್ಟ್ ಹಾಕಬೇಕು, ಸಂಬಳ ಎರಡು ಪಟ್ಟಾದದ್ದು ದೇವರ ಕೃಪೆಯ ಗುರುತು ಹೇಗೆ, ಇಷ್ಟೇ. ನಮ್ಮ ಜೊತೆ ಕೂತಿದ್ದವರಲ್ಲಿ ಇಬ್ಬರ ಕೆಲಸ ಅದೇ ತಿಂಗಳು ಹೋಗಿತ್ತು. ಒಬ್ಬಾಕೆ ಎದ್ದು ಹೊರಗೆ ಹೋದವಳು ಮತ್ತೆ ಬರಲಿಲ್ಲ. ಅವಳ ಮೇಲೆ ಕೃಪೆ ಇಲ್ಲ ಅಂತ ಅರ್ಥವಾ? ಕೇಳಬೇಕು ಅಂತ ಕೈಯೆತ್ತಿದೆ. ಪ್ರಶ್ನೆಗಳು ಕೊನೆಗೆ ಅಂದರು. ಕೊನೆಗೆ ಬಂದದ್ದು ಪ್ರಶ್ನೆಯ ಹೊತ್ತಲ್ಲ, ಅಡ್ವಾನ್ಸ್‌ಡ್ ಕೋರ್ಸಿನ ಮಾರಾಟ: ಇಪ್ಪತ್ತನಾಲ್ಕು ಸಾವಿರ, ಇವತ್ತೇ ಸೇರಿದರೆ ಅರ್ಧ ಬೆಲೆ, ಮೂರೇ ಸೀಟು ಉಳಿದಿದೆ, ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿದೆ.

ಚೀಲದಲ್ಲಿ ನಾಲ್ಕನೇ ವಾರದ ಪ್ರಿಂಟ್ ಇನ್ನೂ ಇತ್ತು. ಸುಳ್ಳು ತರಾತುರಿ ಹುಟ್ಟಿಸಿ ಮಾರುವುದು ಆ ಹದಿಮೂರರಲ್ಲಿ ಒಂದು. ಪಕ್ಕದ ತೆಲುಗು ಹುಡುಗನಿಗೆ ತೋರಿಸಿದೆ. ಬಾಡಿದ ಮುಖದ ಹುಡುಗ ಅವತ್ತು ಮೊದಲ ಸಲ ಜೋರಾಗಿ ನಕ್ಕ. ಮಾರನೇ ವಾರವೂ ಅದೇ ಮೂರು ಸೀಟು ಉಳಿದಿತ್ತು. ಹತ್ತನೇ ಶನಿವಾರ ಹಾಲಿನಲ್ಲಿ ಹದಿಮೂರು ಜನ.

ನಡೆಸುವವರಿಗೆ ಮೇಲ್ ಬರೆದೆ. ಮುಂದಿನ ಬ್ಯಾಚಿನಲ್ಲಿ ಕೊನೆಯ ಎರಡು ವಾರ ಬದಲಿಸುತ್ತೇವೆ ಅಂತ ಉತ್ತರಿಸಿದ್ದಾರೆ. ಅಡ್ವಾನ್ಸ್‌ಡ್ ಕೋರ್ಸಿನ ಮಾತು ಎತ್ತಿಲ್ಲ. ದುಡ್ಡು ವಾಪಸ್ ನಾನು ಕೇಳಿಲ್ಲ, ಕೇಳಿದ ಇಬ್ಬರಿಗೆ ಒಂದು ಸಾವಿರ ಹಿಡಿದುಕೊಂಡು ಕೊಟ್ಟರಂತೆ.

ಈ ವರ್ಷದ ಅಪ್ರೈಸಲ್ ಕಳಿಸಿದ್ದೇನೆ, ಕರ್ತೃ ಸಮೇತ. ಲಾಗ್ ಫೈಲಿನ ಗುಂಡಿ ನಾನೇ ತೋಡಿದ್ದು ಅಂತಲೂ ಅದರಲ್ಲಿದೆ. ಮ್ಯಾನೇಜರ್ ಓದಿ, "ಇದೊಂದು ತೆಗೀರಿ, ಯಾರೂ ಕೇಳಲ್ಲ" ಅಂದರು. ತೆಗೆಯಲಿಲ್ಲ. ಪ್ರಮೋಷನ್ ಬಂತಾ ಅಂತ ಕೇಳಬೇಡಿ, ಲಿಸ್ಟ್ ಬರಲು ಇನ್ನೂ ಎರಡು ತಿಂಗಳಿದೆ. ಬಂದರೂ ಇಲ್ಲಿ ಸೇರಿಸುವುದಿಲ್ಲ, ಆ ಕೋಚ್ ತಮ್ಮ ಸ್ಲೈಡಿಗೆ ಹಾಕಿಕೊಂಡಾರು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮೂರು ಪೂರ್ತಿ ಆಂಟಿಗೆ, ಅರ್ಧ ಸಮೋಸಕ್ಕೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗಿಂತ ಐದಾರು ವರ್ಷ ಕಳೆದವರಿಗೆ ಹೆಚ್ಚು ಉಪಯೋಗ, ಯಾಕೆಂದರೆ ತಿದ್ದಿಸಿಕೊಳ್ಳಲು ಕೈಯಲ್ಲಿ ಹಾಳೆ ಇರಬೇಕು. ಸೇರುವುದಾದರೆ ಮೊದಲು ಫೋನ್ ಮಾಡಿ, ನಾಲ್ಕರಿಂದ ಆರನೇ ವಾರ ಪಾಠ ಮಾಡುವವರು ಯಾರು ಅಂತ ಕೇಳಿ. ಐಟಿಐ ಅಂದರೆ ಸೇರಿ. ಆರನೇ ವಾರ ಪ್ರಿಂಟಿನಲ್ಲಿ ಸಾಲುಗಳ ನಡುವೆ ಜಾಗ ಜಾಸ್ತಿ ಬಿಟ್ಟುಕೊಂಡು ಹೋಗಿ, ಕೆಂಪು ಪೆನ್ನಿನ ಅಕ್ಷರ ದೊಡ್ಡದು.